ಮಧುಮೇಹದ ಆರೈಕೆಯಲ್ಲಿ ಔಷಧಿಕಾರನ ಕಾಯಕ

(ಶ್ರೀಮಠದ ಸುವರ್ಣ ಮಹೋತ್ಸವದ ಆರೋಗ್ಯಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



 

ಈ ಪುಣ್ಯಸಮಯದಲ್ಲಿ ಮಧುಮೇಹದ ಆರೈಕೆಯನ್ನು ಕುರಿತು, ಅದರಲ್ಲಿಯೂ ಔಷಧಿಕಾರನ ಕರ್ತವ್ಯವನ್ನು ಕುರಿತು, ನಾಲ್ಕು ಮಾತುಗಳನ್ನು ಹೇಳಬೇಕೆಂದು ಸನ್ನಿಧಿಯವರ ಅಪ್ಪಣೆಯಾಗಿರುವದು. ಶಾಸ್ತ್ರಪಾಠಶಾಲೆಯಲ್ಲಿ ಓದಿದವನಿಗೆ ಔಷಧದ ಅಂಗಡಿಯ ವಿಚಾರವೇಕೆಂದು ಕೆಲವರಿಗೆ ಅನ್ನಿಸಬಹುದು. ಆದರೆ ದಾಸೋಹದ ಪಂಕ್ತಿಯನ್ನು ಒಮ್ಮೆ ನೋಡಿರಿ. ಹುಗ್ಗಿಯ ಸೌಟು ಹತ್ತಿರ ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿಯುವವರು ಎಷ್ಟು ಜನರು! ಪ್ರಸಾದವನ್ನು ಬೇಡವೆನ್ನಲು ಅಂಜಿ ಸ್ವೀಕರಿಸಿ, ಆಮೇಲೆ ಚಿಂತಿಸುವವರು ಮತ್ತೆಷ್ಟು ಜನರು! ಲಿಂಗಪೂಜೆಗೆ ಕುಳಿತಲ್ಲಿಯೇ ಮೈಬೆವರಿ, ಕೈನಡುಗಿ, ಕಣ್ಣು ಕತ್ತಲೆಗೂಡುವ ಹಿರಿಯರೂ ನಮ್ಮಲ್ಲಿ ಇರುವರು. ಈ ರೋಗವು ಮಠದ ಹೊರಗಿನ ವಿಷಯವಾಗಿ ಉಳಿದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಖಿಲ ಭಾರತ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಮಧುಮೇಹವಿರುವದು. 20 ವಯಸ್ಸು ದಾಟಿದವರಲ್ಲಿ ನೂರಕ್ಕೆ 11 ಜನರಿಗಿಂತ ಹೆಚ್ಚು ಎಂದಾಯಿತು. ರೋಗದ ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿ 60 ಲಕ್ಷ ಜನರು.

ಔಷಧಿಕಾರನೆಂದರೆ ಯಾರು? ಹಿಂದಿನವರು ಕಂಪೌಂಡರನೆನ್ನುತ್ತಿದ್ದ, ಇಂದಿನವರು ಮೆಡಿಕಲ್ ಶಾಪಿನವನೆನ್ನುವ, ಕಾಯಿದೆಯು ಫಾರ್ಮಾಸಿಸ್ಟ್ ಎಂದು ಹೆಸರಿಸಿರುವ ವಿದ್ಯಾವಂತನು. ಇಂದು ಈ ಕಾಯಕದಲ್ಲಿ ಹೆಣ್ಣುಮಕ್ಕಳೂ ಬಹುಸಂಖ್ಯೆಯಲ್ಲಿರುವರು. ನನ್ನ ಮಾತು ಅವರಿಗೂ ಅನ್ವಯಿಸತಕ್ಕದ್ದು. ಚೀಟಿ ಕೊಟ್ಟು, ಮಾತ್ರೆ ತೆಗೆದುಕೊಂಡು, ಹಣವೆಣಿಸಿ ಬರುವದಷ್ಟೇ ಅವನೊಡನೆ ನಮ್ಮ ಸಂಬಂಧವೆಂದು ನಾವು ತಿಳಿದಿರುವೆವು. ಈ ತಿಳಿವಳಿಕೆಯು ಅಪೂರ್ಣವಾದದ್ದು; ಮಧುಮೇಹಿಯ ಪಾಲಿಗೆ ಅಪಾಯಕರವೂ ಆದದ್ದು ಎಂಬದನ್ನು ನಿವೇದಿಸುವದೇ ಈ ಉಪನ್ಯಾಸದ ಉದ್ದೇಶವು.

ಮೊದಲು ರೋಗದ ಸ್ವರೂಪವನ್ನು ಸಂಕ್ಷೇಪವಾಗಿ ನೋಡೋಣ. ಚರಕಾಚಾರ್ಯರು ಪ್ರಮೇಹಗಳನ್ನು 20 ಬಗೆಯಾಗಿ ವಿಂಗಡಿಸಿ, ಕಫದಿಂದ 10, ಪಿತ್ತದಿಂದ 6, ವಾತದಿಂದ 4 ಎಂದು ಹೇಳಿ, ಮಧುಮೇಹವನ್ನು ವಾತದ ಗುಂಪಿನಲ್ಲಿ ಸೇರಿಸಿರುವರು. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವದನ್ನು ನಮ್ಮ ಪೂರ್ವಿಕರು ಗುರುತಿಸಿದ್ದರು. ಇಂದಿನ ವೈದ್ಯಶಾಸ್ತ್ರವು ಹೇಳುವದೇನೆಂದರೆ, ನಾವು ಉಂಡ ಅನ್ನವು ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತಕ್ಕೆ ಸೇರುವದು. ಆ ಸಕ್ಕರೆಯನ್ನು ರಕ್ತದಿಂದ ಅಂಗಾಂಗಗಳೊಳಕ್ಕೆ ಸೇರಿಸಲು ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ರಸವನ್ನು ಸ್ರವಿಸುವದು. ಆ ರಸವು ಬತ್ತಿದರೆ, ಇಲ್ಲವೆ ಇದ್ದೂ ಕೆಲಸಮಾಡದಾದರೆ, ಸಕ್ಕರೆಯು ರಕ್ತದಲ್ಲಿಯೇ ನಿಂತು, ವರುಷಗಳು ಉರುಳಿದಂತೆ ಕಣ್ಣು, ಮೂತ್ರಪಿಂಡ, ಹೃದಯ, ಕಾಲುಗಳ ನರ ಇವುಗಳನ್ನು ಕೆಡಿಸುವದು. 1921ರಲ್ಲಿ ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನ್ನನ್ನು ಹೊರತೆಗೆದರು. 1922ರ ಜನವರಿಯಲ್ಲಿ 14 ವರುಷದ ಒಬ್ಬ ಹುಡುಗನಿಗೆ ಅದನ್ನು ಮೊದಲ ಸಲ ಕೊಡಲಾಯಿತು. ಅಲ್ಲಿಯ ತನಕ ಮೃತ್ಯುವಿನ ಬಾಯಿಗೇ ಬೀಳುತ್ತಿದ್ದ ಎಳೆಯ ಮಕ್ಕಳು ಅಂದಿನಿಂದ ಬದುಕತೊಡಗಿದರು.

ಔಷಧವು ಸಿಕ್ಕಿತು, ಆದರೆ ಅಳತೆಯು ಸಿಕ್ಕಿರಲಿಲ್ಲ. ಇನ್ಸುಲಿನ್ ಹೆಚ್ಚಾದರೆ ಸಕ್ಕರೆಯು ಕುಸಿದು ಪ್ರಾಣಕ್ಕೆ ಸಂಚಕಾರ. ಕಡಿಮೆಯಾದರೆ ರೋಗವು ಪ್ರಬಲ. ಬಹುಕಾಲ ಮೂತ್ರವನ್ನು ಬೆನೆಡಿಕ್ಟ್ ದ್ರಾವಣದಲ್ಲಿ ಕುದಿಸಿ, ನೀಲಿಯು ಹಸಿರೋ ಹಳದಿಯೋ ಇಟ್ಟಿಗೆಯ ಕೆಂಪೋ ಆದುದನ್ನು ನೋಡಿ ಅಂದಾಜು ಕಟ್ಟುತ್ತಿದ್ದರು. ಸಾಮಾನ್ಯವಾಗಿ ರಕ್ತದಲ್ಲಿ ಸಕ್ಕರೆಯು 180 ದಾಟಿದ ಮೇಲೆಯೇ ಮೂತ್ರದಲ್ಲಿ ಕಾಣಿಸಿಕೊಳ್ಳುವದರಿಂದ, ಕುಸಿತವನ್ನು ಆ ಪರೀಕ್ಷೆಯು ತಿಳಿಸುತ್ತಲೇ ಇರಲಿಲ್ಲ. ಮುಂದೆ ಬೆರಳು ಚುಚ್ಚಿ ಒಂದು ಹನಿ ರಕ್ತದಲ್ಲಿ ನೋಡುವ ಪುಟ್ಟ ಯಂತ್ರವು ಬಂದಿತು. ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಹೆಚ್.ಬಿ.ಎ.ಒನ್.ಸಿ. ಎಂಬ ರಕ್ತಪರೀಕ್ಷೆಯೂ ಬಂದಿತು.

ಇವೆರಡೂ ಉಪಯುಕ್ತವಾದವುಗಳೇ, ಆದರೂ ಒಂದು ಕೊರತೆಯು ಉಳಿಯಿತು. ರೈತರಾದ ನಿಮಗೆ ಇದು ಸುಲಭವಾಗಿ ತಿಳಿಯುವದು. ಈ ವರುಷ ನಮ್ಮ ಊರಲ್ಲಿ ಇಷ್ಟು ಇಂಚು ಮಳೆಯಾಯಿತೆಂದು ಒಟ್ಟು ಲೆಕ್ಕವನ್ನು ಮಾತ್ರ ಹೇಳಿದರೆ ಬೆಳೆಯ ಗತಿಯು ತಿಳಿಯುವದೇ? ಅದೇ ಮಳೆಯು ಹದವರಿತು ಬಿದ್ದಿದ್ದರೆ ಸುಗ್ಗಿ. ಒಂದೇ ರಾತ್ರಿ ಸುರಿದು ಆಮೇಲೆ ಎರಡು ತಿಂಗಳು ಮುಗಿಲು ಬಿರಿದಿದ್ದರೆ ಬರಗಾಲ. ಮೂರು ತಿಂಗಳ ಸರಾಸರಿಯೂ ಹಾಗೆಯೇ. ಮಧ್ಯಾಹ್ನ 300ಕ್ಕೆ ಏರಿ ನಡುರಾತ್ರಿ 50ಕ್ಕೆ ಇಳಿಯುವವನ ಸರಾಸರಿಯೂ, ದಿನವಿಡೀ ಸಮವಾಗಿರುವವನ ಸರಾಸರಿಯೂ ಕಾಗದದ ಮೇಲೆ ಒಂದೇ ಆಗಿ ಕಾಣಬಹುದು.

ಈ ಕೊರತೆಯನ್ನು ನೀಗಲು ಬಂದದ್ದೇ ಸಂತತ ಗ್ಲೂಕೋಸ್ ಮಾಪಕವು. ಇದರ ಮೊದಲ ರೂಪಕ್ಕೆ ಅಮೇರಿಕದಲ್ಲಿ 1999ರಲ್ಲಿ ಮನ್ನಣೆ ದೊರೆಯಿತು. ಆಮೇಲೆ ನಮ್ಮ ದೇಶದಲ್ಲಿಯೂ ಬಳಕೆಗೆ ಬಂದಿರುವದು. ಒಂದು ನಾಣ್ಯದಷ್ಟು ಅಗಲವಾದ ಬಿಲ್ಲೆಯನ್ನು ತೋಳಿನ ಹಿಂಬದಿಗೆ ಅಂಟಿಸುವರು. ಅದರಿಂದ ಕೂದಲೆಳೆಯಂಥ ತಂತುವೊಂದು ಚರ್ಮದ ಕೆಳಗೆ ಇಳಿದಿರುವದು. ಅಲ್ಲಿ ಜೀವಕೋಶಗಳ ನಡುವಿನ ದ್ರವದೊಳಗಿನ ಸಕ್ಕರೆಯ ಮೇಲೆ ತಂತುವಿಗೆ ಸವರಿದ ಕಿಣ್ವವು ಕೆಲಸಮಾಡಿ ಸೂಕ್ಷ್ಮವಾದ ವಿದ್ಯುತ್ತನ್ನು ಹುಟ್ಟಿಸುವದು. ಆ ವಿದ್ಯುತ್ತಿನಿಂದ ಸಕ್ಕರೆಯ ಪ್ರಮಾಣವನ್ನು ಗಣಿಸಿ ಕೈಯ ಫೋನಿಗೆ ಕಳುಹಿಸುವದು. ಬಿಲ್ಲೆಯು ಸಾಮಾನ್ಯವಾಗಿ 10ರಿಂದ 15 ದಿನ ನಡೆಯುವದು. ಕಾಲುಗಂಟೆಗೊಮ್ಮೆ ಬರೆದಿಡುವ ಬಗೆಯದಾದರೂ ದಿನಕ್ಕೆ 96ರಂತೆ 14 ದಿನಗಳಲ್ಲಿ 1,344 ಅಳತೆಗಳಾದವು. ಐದು ನಿಮಿಷಕ್ಕೊಮ್ಮೆ, ನಿಮಿಷಕ್ಕೊಮ್ಮೆ ಅಳೆಯುವವೂ ಇರುವವು. ಕೆಲವು ಯಂತ್ರಗಳು ಸಕ್ಕರೆಯು ಕುಸಿಯುವಾಗ ಗಂಟೆ ಬಾರಿಸಿ ಮಲಗಿದವರನ್ನು ಎಬ್ಬಿಸುವವು.

ಈ ಅಳತೆಗಳನ್ನು ಓದುವ ಕ್ರಮವನ್ನು 2019ರಲ್ಲಿ ಹಲವು ದೇಶಗಳ ವೈದ್ಯರು ಕೂಡಿ ನಿಶ್ಚಯಿಸಿರುವರು. ಸಕ್ಕರೆಯು ಡೆಸಿಲೀಟರಿಗೆ 70ರಿಂದ 180 ಮಿಲಿಗ್ರಾಮಿನ ನಡುವೆ ಇರುವ ಕಾಲವು ದಿನದ ನೂರಕ್ಕೆ 70 ಪಾಲಿಗಿಂತ ಹೆಚ್ಚಾಗಿರಬೇಕು. ಅಂದರೆ 24 ಗಂಟೆಗಳಲ್ಲಿ ಸುಮಾರು 17 ಗಂಟೆ. 70ಕ್ಕಿಂತ ಕೆಳಗಿಳಿಯುವ ಕಾಲವು ನೂರಕ್ಕೆ 4ನ್ನು, ಅಂದರೆ ದಿನಕ್ಕೆ ಸುಮಾರು ಒಂದು ಗಂಟೆಯನ್ನು, ಮುಟ್ಟಕೂಡದು. ಮುಪ್ಪಿನವರ ಹಾಗೂ ಬೇರೆ ರೋಗಗಳಿಂದ ನಿಶ್ಶಕ್ತರಾದವರ ಲೆಕ್ಕವು ಬೇರೆ: ಮೇಲಿನ ಮಿತಿಯೊಳಗೆ ದಿನದ ಅರ್ಧಭಾಗವಿದ್ದರೂ ಸಾಕು, ಆದರೆ 70ರ ಕೆಳಗೆ ನೂರಕ್ಕೆ 1 ಪಾಲು, ಅಂದರೆ ಕಾಲುಗಂಟೆಯೂ ಇರಕೂಡದು. ಇದರ ಇಂಗಿತವನ್ನು ಗಮನಿಸಿರಿ. ಹಿರಿಯರಿಗೆ ಏರಿಕೆಗಿಂತ ಕುಸಿತವೇ ಹೆಚ್ಚು ಭಯಂಕರವು. ಬಿದ್ದು ಎಲುಬು ಮುರಿಯುವದು, ಎಚ್ಚರ ತಪ್ಪುವದು, ಹೃದಯಕ್ಕೆ ಪೆಟ್ಟಾಗುವದು, ಇವೆಲ್ಲ ಕುಸಿತದ ಫಲಗಳು. ಸಕ್ಕರೆಯನ್ನು ಆದಷ್ಟು ಇಳಿಸುವದೇ ಚಿಕಿತ್ಸೆಯೆಂದು ತಿಳಿದ ಮನೆಗಳಲ್ಲಿ ಈ ಒಂದು ಸಂಗತಿಯನ್ನು ಅವಶ್ಯವಾಗಿ ಹೇಳತಕ್ಕದ್ದು.

ಇಷ್ಟಾದ ಮೇಲೆ ಪ್ರಶ್ನೆಯು ಹುಟ್ಟುವದು. ಯಂತ್ರವು ಸಾವಿರಾರು ಅಂಕಿಗಳನ್ನು ಬರೆದು ಕೊಟ್ಟಿತು. ಅವುಗಳ ಅರ್ಥವನ್ನು ಹೇಳುವವರಾರು?

ಚರಕಸಂಹಿತೆಯಲ್ಲಿ ಚಿಕಿತ್ಸೆಯ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ದ್ರವ್ಯ, ಉಪಸ್ಥಾತಾ ಅಂದರೆ ಪರಿಚಾರಕ, ಮತ್ತು ರೋಗಿ. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ವಿಧಿಸಿದೆ. ರೋಗಿಗೆ ಹೇಳಿದ ಗುಣಗಳು ಸ್ಮೃತಿ, ನಿರ್ದೇಶಕಾರಿತ್ವ, ಅಭೀರುತ್ವ, ಜ್ಞಾಪಕತ್ವ ಎಂಬಿವು. ನೆನಪಿಡುವದು, ಹೇಳಿದಂತೆ ನಡೆಯುವದು, ಅಂಜದಿರುವದು, ತನ್ನ ರೋಗದ ಸ್ಥಿತಿಯನ್ನು ಇದ್ದಂತೆ ತಿಳಿಸುವದು. ಸಂತತ ಮಾಪಕವು ಈ ಕೊನೆಯದಾದ ಜ್ಞಾಪಕತ್ವಕ್ಕೆ ಒದಗಿದ ಸಾಧನವು. ನಿದ್ರೆಯಲ್ಲಿ ನಡೆದುದನ್ನು ರೋಗಿಯು ತಾನಾಗಿ ಹೇಳಲಾರನು. ಬಿಲ್ಲೆಯು ಅವನ ಪರವಾಗಿ ಹೇಳುವದು. ಆದರೆ ಅದು ವೈದ್ಯನೂ ಅಲ್ಲ, ಪರಿಚಾರಕನೂ ಅಲ್ಲ. ಪರಿಚಾರಕನಲ್ಲಿ ಆರೈಕೆಯ ಜ್ಞಾನ, ದಕ್ಷತೆ, ಅನುರಾಗ, ಶುಚಿತ್ವ ಇರಬೇಕೆಂದು ಶಾಸ್ತ್ರದ ವಿಧಿ. ಅನುರಾಗವು ಯಂತ್ರಕ್ಕೆ ಎಲ್ಲಿಂದ ಬರಬೇಕು?

ವೈದ್ಯರನ್ನು ನಾವು ಕಾಣುವದು ಮೂರು ತಿಂಗಳಿಗೊಮ್ಮೆ. ಅದೂ ಐದು ಹತ್ತು ನಿಮಿಷ. ಔಷಧಿಕಾರನನ್ನಾದರೋ ತಿಂಗಳು ತಿಂಗಳು ಕಾಣುವೆವು. ಅವನ ಅಂಗಡಿಯು ನಮ್ಮ ಓಣಿಯಲ್ಲಿಯೇ ಇರುವದು. ಮುಂಗಡವಾಗಿ ಹೆಸರು ಬರೆಸಬೇಕಾದ ಕಾರಣವಿಲ್ಲ. ದ್ರವ್ಯವೆಂಬ ಪಾದವು ಅವನ ಕೈಯಲ್ಲಿದೆ. ಪರಿಚಾರಕನ ಪಾದವನ್ನೂ ಅವನು ಬಹುಮಟ್ಟಿಗೆ ಹೊರಬಲ್ಲನು. ಆದಕಾರಣ ಅಂಕಿಗಳ ಅರ್ಥವನ್ನು ಹೇಳಿಕೊಡುವ ಕಾಯಕಕ್ಕೆ ಅವನೇ ನಮಗೆ ಹತ್ತಿರದ ಪಂಡಿತನು. ಆ ಕಾಯಕದ ಅಂಗಗಳನ್ನು ಒಂದೊಂದಾಗಿ ಹೇಳುವೆನು.

ಮೊದಲನೆಯದು, ಮಾಪಕವನ್ನು ನಂಬುವ ರೀತಿಯನ್ನು ಕಲಿಸುವದು. ಬಿಲ್ಲೆಯು ರಕ್ತವನ್ನು ಅಳೆಯದೆ ಚರ್ಮದ ಕೆಳಗಿನ ದ್ರವವನ್ನು ಅಳೆಯುವದರಿಂದ ಅದರ ಅಂಕಿಯು ರಕ್ತಕ್ಕಿಂತ ಐದರಿಂದ ಹದಿನೈದು ನಿಮಿಷ ಹಿಂದಿರುವದು. ಸಕ್ಕರೆಯು ಕುಸಿದಾಗ 15 ಗ್ರಾಂ, ಅಂದರೆ ಮೂರು ಚಮಚೆ, ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು 15 ನಿಮಿಷ ಕಾಯಬೇಕೆಂಬದು ನಿಯಮವು. ರಕ್ತದಲ್ಲಿ ಸಕ್ಕರೆಯು ಆಗಲೇ ಏರಿದ್ದರೂ ಬಿಲ್ಲೆಯು ಇನ್ನೂ ಇಳಿತವನ್ನೇ ತೋರಿಸುತ್ತಿರಬಹುದು. ಇದನ್ನು ಅರಿಯದವನು ಗಾಬರಿಯಿಂದ ಮತ್ತೆ ಮತ್ತೆ ಬೆಲ್ಲ, ಪೇಡೆ, ಬಾಳೆಹಣ್ಣು ತಿಂದು 300ಕ್ಕೆ ಏರಿಸಿಕೊಳ್ಳುವನು. ಬಿಲ್ಲೆಯಿರುವ ತೋಳಿನ ಮೇಲೆ ಭಾರ ಹಾಕಿ ಮಲಗಿದರೂ ಸುಳ್ಳು ಇಳಿತವು ಕಾಣಿಸುವದು. ಅಂಕಿಗೂ ಮೈಯ ಸ್ಥಿತಿಗೂ ತಾಳೆಯಾಗದಾಗ ಬೆರಳು ಚುಚ್ಚಿ ನೋಡಿಯೇ ನಿಶ್ಚಯಿಸಬೇಕು. ಎಚ್ಚರ ತಪ್ಪಿದವನ ಬಾಯಿಗೆ ಸಕ್ಕರೆನೀರನ್ನು ಎಂದಿಗೂ ಸುರಿಯಕೂಡದು. ಶ್ವಾಸನಾಳಕ್ಕೆ ಹೋಗಿ ಪ್ರಾಣಾಪಾಯವಾಗುವದು. ಕೂಡಲೇ ಆಸ್ಪತ್ರೆಗೆ ಸಾಗಿಸತಕ್ಕದ್ದು.

ಎರಡನೆಯದು, ಯಂತ್ರವನ್ನು ಮರುಳುಗೊಳಿಸುವ ದ್ರವ್ಯಗಳನ್ನು ಗುರುತಿಸುವದು. ಇದು ಔಷಧಿಕಾರನ ವಿಶೇಷ ವಿದ್ಯೆಯು. ಕೆಲವು ಬಗೆಯ ಬಿಲ್ಲೆಗಳು, ದಿನಕ್ಕೆ 500 ಮಿಲಿಗ್ರಾಮಿಗಿಂತ ಹೆಚ್ಚು ವಿಟಮಿನ್ ಸಿ ಸೇವಿಸಿದರೆ, ಇರುವದಕ್ಕಿಂತ ಹೆಚ್ಚಿನ ಸಕ್ಕರೆಯನ್ನು ತೋರಿಸುವವು. ನೆಗಡಿಗೆಂದು ನಾವು ಚೀಟಿಯಿಲ್ಲದೆ ಕೊಳ್ಳುವ ಚೀಪುವ ಮಾತ್ರೆ ಒಂದರಲ್ಲಿಯೇ ಸಾಮಾನ್ಯವಾಗಿ 500 ಮಿಲಿಗ್ರಾಂ ಇರುವದು; ಎರಡು ಚೀಪಿದರೆ ಮಿತಿಯು ದಾಟಿತು. ಹಳೆಯ ಕೆಲವು ಮಾಪಕಗಳಲ್ಲಿ ಜ್ವರದ ಪ್ಯಾರಾಸಿಟಮಾಲ್ ಮಾತ್ರೆಯೂ ಇದೇ ಭ್ರಮೆಯನ್ನು ಹುಟ್ಟಿಸುವದು. ಸುಳ್ಳು ಏರಿಕೆಯನ್ನು ನಂಬಿ ಇನ್ಸುಲಿನ್ ಹೆಚ್ಚಿಸಿಕೊಂಡವನ ಗತಿಯೇನು? ನಿಜವಾದ ಕುಸಿತವು ಸುಳ್ಳು ಅಂಕಿಯ ಹಿಂದೆ ಅಡಗಿರುವದು. ವೈದ್ಯರು ನೆಗಡಿಯ ಮಾತ್ರೆಯ ಸಂಗತಿಯನ್ನು ಅರಿಯರು. ಅದನ್ನು ಮಾರಿದವನು ಅರಿತಿರುವನು. ಸಂಧಿವಾತಕ್ಕೋ ಉಬ್ಬಸಕ್ಕೋ ಕೊಡುವ ಸ್ಟಿರಾಯ್ಡ್ ಮಾತ್ರೆಗಳಾದರೋ ಸಕ್ಕರೆಯನ್ನು ನಿಜವಾಗಿಯೇ ಏರಿಸುವವು. ಕೆಮ್ಮಿನ ಸಿರಪ್ಪುಗಳಲ್ಲಿ ಸಕ್ಕರೆಪಾಕವಿರುವದುಂಟು. ಒಬ್ಬನ ಎಲ್ಲ ಔಷಧಗಳೂ ಒಂದೇ ಅಂಗಡಿಯ ಲೆಕ್ಕದಲ್ಲಿದ್ದರೆ ಮಾತ್ರ ಇವುಗಳ ಪರಸ್ಪರ ವಿರೋಧವು ಕಣ್ಣಿಗೆ ಬೀಳುವದು.

ಮೂರನೆಯದು, ಇನ್ಸುಲಿನ್ನಿನ ಅಳತೆ ಮತ್ತು ಸಂರಕ್ಷಣೆ. ನಮ್ಮ ದೇಶದಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ಟಿನದೂ 100 ಯೂನಿಟ್ಟಿನದೂ ಹೀಗೆ ಎರಡು ಬಲದ ಇನ್ಸುಲಿನ್ ದೊರೆಯುವದು. ಒಂದೊಂದಕ್ಕೂ ಬೇರೆ ಸಿರಿಂಜು. 100 ಯೂನಿಟ್ಟಿನ ಔಷಧವನ್ನು 40ರ ಸಿರಿಂಜಿನಲ್ಲಿ 10ರ ಗೆರೆಯ ತನಕ ಎಳೆದುಕೊಂಡರೆ ಮೈಸೇರುವದು 10 ಅಲ್ಲ, 25 ಯೂನಿಟ್ಟು. ಈ ಒಂದು ತಪ್ಪು ಪ್ರಾಣವನ್ನೇ ತೆಗೆಯಬಲ್ಲದು. ತೆರೆಯದ ಬಾಟಲಿಯನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿಡಬೇಕು, ಹೆಪ್ಪುಗಟ್ಟಿದ್ದನ್ನು ಚೆಲ್ಲಬೇಕು. ಕಲಬುರ್ಗಿ ರಾಯಚೂರುಗಳ ಬೇಸಗೆಯಲ್ಲಿ ಶೀತಕಪೆಟ್ಟಿಗೆಯಿಲ್ಲದವರು, ನೀರು ತಾಗದಂತೆ ಕಟ್ಟಿ, ಒದ್ದೆಯಾಗಿಟ್ಟ ಮಣ್ಣಿನ ಗಡಿಗೆಯೊಳಗಿಡುವದು ಒಳ್ಳೆಯ ಉಪಾಯವು. ದಿನವೂ ಒಂದೇ ಜಾಗಕ್ಕೆ ಚುಚ್ಚಿದರೆ ಅಲ್ಲಿ ಗಂಟುಕಟ್ಟಿ ಔಷಧವು ಸರಿಯಾಗಿ ಹೀರಲ್ಪಡದು; ಒಂದು ದಿನ ಏರಿಕೆ, ಒಂದು ದಿನ ಕುಸಿತ. ಮಾಪಕದ ರೇಖೆಯು ಕಾರಣವಿಲ್ಲದೆ ಏರಿಳಿಯುವಾಗ ಬುದ್ಧಿವಂತನಾದ ಔಷಧಿಕಾರನು ಕೇಳುವ ಮೊದಲ ಪ್ರಶ್ನೆಗಳು ಇವೇ: ಯಾವ ಸಿರಿಂಜು? ಎಲ್ಲಿಟ್ಟಿದ್ದೀರಿ? ಎಲ್ಲಿ ಚುಚ್ಚಿಕೊಳ್ಳುತ್ತೀರಿ?

ನಾಲ್ಕನೆಯದು ನಮ್ಮ ಆಚಾರಕ್ಕೆ ಹೆಚ್ಚು ಸಂಬಂಧಪಟ್ಟದ್ದು. ಲಿಂಗಾರ್ಚನೆಯಿಲ್ಲದೆ ನೀರನ್ನೂ ಮುಟ್ಟದ ನೇಮದವರು ನಮ್ಮಲ್ಲಿ ಬಹುಜನರಿರುವರು. ಗ್ಲಿಬೆನ್‌ಕ್ಲಮೈಡ್, ಗ್ಲಿಮಿಪಿರೈಡ್ ಮೊದಲಾದ ಮಾತ್ರೆಗಳು ಊಟವಾಗಲಿ ಆಗದಿರಲಿ ಇನ್ಸುಲಿನ್ನನ್ನು ಸುರಿಸುವ ಸ್ವಭಾವದವು. ಹಿರಿಯರೊಬ್ಬರು ಬೆಳಿಗ್ಗೆ 6 ಗಂಟೆಗೆ ಮಾತ್ರೆ ನುಂಗಿ, ಸ್ನಾನಮಾಡಿ, ಹೂವು ಪತ್ರೆ ಕೂಡಿಸಿ, ಪೂಜೆ ಮುಗಿಸಿ, 9 ಗಂಟೆಗೆ ಪ್ರಸಾದಕ್ಕೆ ಕುಳಿತರೆಂದು ಭಾವಿಸಿರಿ. ನಡುವಣ ಮೂರು ಗಂಟೆಗಳಲ್ಲಿ ಸಕ್ಕರೆಯು ಕುಸಿಯುವದು. ಪೂಜೆಯಲ್ಲಿ ಬಂದ ನಡುಕವನ್ನು ಮನೆಯವರು ಭಾವಾವೇಶವೆಂದು ತಿಳಿಯಬಹುದು, ಇಲ್ಲವೆ ವಯಸ್ಸಿನ ದೋಷವೆನ್ನಬಹುದು. ಮಾಪಕವನ್ನು ಕಟ್ಟಿ ನೋಡಿದರೆ ದಿನವೂ 8 ಗಂಟೆಯ ಹೊತ್ತಿಗೆ ರೇಖೆಯು 60ಕ್ಕಿಳಿಯುವದು ಕಾಣಿಸುವದು. ಪರಿಹಾರವು ಪೂಜೆಯನ್ನು ಬಿಡುವದಲ್ಲ. ಮಾತ್ರೆಯನ್ನು ಪ್ರಸಾದದ ಹೊತ್ತಿಗೆ ಸರಿಸುವದು. ಈ ಸರಿಸುವಿಕೆಯನ್ನು ವೈದ್ಯರ ಒಪ್ಪಿಗೆಯಿಂದ ಮಾಡಿಸುವದು ಔಷಧಿಕಾರನ ಕೆಲಸವು. ಪೂಜೆಯ ನಡುವೆಯೇ ಕುಸಿತವಾದರೆ, ಲಿಂಗಕ್ಕೆ ತೋರಿದ ಸಕ್ಕರೆಯನ್ನೇ ಪ್ರಸಾದವೆಂದು ಆ ಕ್ಷಣವೇ ಸ್ವೀಕರಿಸತಕ್ಕದ್ದು. ಅಂಗವು ಕುಸಿದ ಮೇಲೆ ಲಿಂಗವನ್ನು ಹಿಡಿಯುವ ಕರಸ್ಥಲವೆಲ್ಲಿ ಉಳಿಯಿತು?

ಶಿವರಾತ್ರಿ, ಶ್ರಾವಣ ಸೋಮವಾರಗಳ ಉಪವಾಸಕ್ಕೂ ಇದೇ ಮಾತು. ಉಪವಾಸದ ದಿನವೂ ಎಂದಿನ ಮಾತ್ರೆಯನ್ನೇ ನುಂಗುವವರು ಒಂದು ಕಡೆ. ಉಣ್ಣುವದಿಲ್ಲವೆಂದು ಇನ್ಸುಲಿನ್ನನ್ನು ಪೂರ್ತಿಯಾಗಿ ಬಿಡುವವರು ಮತ್ತೊಂದು ಕಡೆ. ಎರಡೂ ಅಪಾಯವೇ. ಅದರಲ್ಲಿಯೂ ಬಾಲ್ಯದಿಂದ ಇನ್ಸುಲಿನ್ನನ್ನೇ ಅವಲಂಬಿಸಿದವರು ಅದನ್ನು ಪೂರ್ತಿಯಾಗಿ ಎಂದಿಗೂ ಬಿಡಕೂಡದು. ಉಪವಾಸವೆಂದು ಹೆಸರಿಟ್ಟು ಸಾಬೂದಾಣಿಯ ಉಸಳಿಯನ್ನು ತಟ್ಟೆತುಂಬ ತಿಂದವರ ರೇಖೆಯು ಊಟದ ದಿನಕ್ಕಿಂತ ಮೇಲೇರುವದನ್ನು ಮಾಪಕವು ತೋರಿಸಿಕೊಡುವದು. ವ್ರತಕ್ಕೆ ವಾರ ಮೊದಲೇ ಔಷಧಿಕಾರನನ್ನೂ ವೈದ್ಯರನ್ನೂ ಕೇಳಿ ಕ್ರಮವನ್ನು ಗೊತ್ತುಮಾಡಿಕೊಳ್ಳತಕ್ಕದ್ದು.

ಪ್ರಸಾದದ ವಿಷಯದಲ್ಲಿ ಒಂದು ಮಾತು. ಹುಗ್ಗಿಯಾಗಲಿ ಹೋಳಿಗೆಯಾಗಲಿ ಪ್ರಸಾದವೆಂದು ಬಂದಾಗ ಅದರ ಪಾವಿತ್ರ್ಯವು ಪ್ರಮಾಣದಲ್ಲಿಲ್ಲ. ಒಂದು ಚಮಚೆಯೂ ಪ್ರಸಾದವೇ. ಮೊದಲು ಪಲ್ಯ, ಕೋಸಂಬರಿ, ಬೇಳೆ ಉಂಡು, ಕೊನೆಗೆ ಅನ್ನವನ್ನು ಮಿತವಾಗಿ ಉಂಡು, ಊಟದ ತರುವಾಯ ಕಾಲುಗಂಟೆ ಅಡ್ಡಾಡಿದರೆ ಸಕ್ಕರೆಯ ಏರಿಕೆಯು ತಗ್ಗುವದು. ಬೇರೊಬ್ಬರು ಹೇಳಿದರೆ ನಂಬದವನು ತನ್ನದೇ ರೇಖೆಯಲ್ಲಿ ಇದನ್ನು ಕಂಡಾಗ ನಂಬುವನು. ಮಾಪಕದ ದೊಡ್ಡ ಉಪಕಾರವು ಇದೇ. ಅದು ಗದರಿಸುವದಿಲ್ಲ, ತೋರಿಸುವದು.

ಐದನೆಯದು, ತನ್ನ ಮೇರೆಯನ್ನು ಅರಿಯುವದು. ಔಷಧಿಕಾರನು ವೈದ್ಯನಲ್ಲ. ರೇಖೆಯನ್ನು ನೋಡಿ ತಾನೇ ಇನ್ಸುಲಿನ್ ಏರಿಸುವದು, ಒಂದು ಮಾತ್ರೆಯ ಬದಲು ಇನ್ನೊಂದನ್ನು ಕೊಡುವದು ಅವನಿಗೆ ಸಲ್ಲದು. ಅಡ್ಡಿಯನ್ನು ಗುರುತಿಸಿ, ಎರಡು ಸಾಲಿನಲ್ಲಿ ಬರೆದು, ವೈದ್ಯರ ಬಳಿಗೆ ಕಳುಹಿಸುವದೇ ಅವನ ಧರ್ಮವು. ಹೀಗೆ ಮೇರೆಯೊಳಗೆ ನಿಂತೂ ಎಷ್ಟು ಉಪಕಾರಮಾಡಬಹುದೆಂಬದಕ್ಕೆ ಅಮೇರಿಕದ ಉತ್ತರ ಕ್ಯಾರೊಲೈನಾ ಸೀಮೆಯ ಆಶ್ವಿಲ್ ನಗರವು ಸಾಕ್ಷಿಯಾಗಿರುವದು. ಅಲ್ಲಿ 1990ರ ದಶಕದ ನಡುವಿನಿಂದ ನಗರಸಭೆಯ ನೌಕರರಲ್ಲಿ ಮಧುಮೇಹವಿದ್ದವರನ್ನು ಊರಿನ ಔಷಧಿಕಾರರು ನಿಯಮದಂತೆ ಕಂಡು, ಬೆರಳುಪರೀಕ್ಷೆಯ ಅಂಕಿಗಳನ್ನು ಓದಿ, ತಿಳಿವಳಿಕೆ ಕೊಟ್ಟು, ವೈದ್ಯರಿಗೆ ಬರೆಯುತ್ತ ಬಂದರು. 2003ರಲ್ಲಿ ಪ್ರಕಟವಾದ ಫಲಿತಾಂಶವೇನೆಂದರೆ, ಮೂರು ತಿಂಗಳ ಸರಾಸರಿಯು ಸುಧಾರಿಸಿತು. ಔಷಧದ ಖರ್ಚು ಏರಿದರೂ ಒಟ್ಟು ಚಿಕಿತ್ಸೆಯ ಖರ್ಚು ಇಳಿಯಿತು. ಆ ಕೆಲಸವು ಮೊದಲಾದಾಗ ಸಂತತ ಮಾಪಕವು ಪೇಟೆಗೇ ಬಂದಿರಲಿಲ್ಲ. ಗುಣಮಾಡಿದ್ದು ಯಂತ್ರವಲ್ಲ, ಬಿಡದೆ ವಿಚಾರಿಸಿದ ಮನುಷ್ಯನು, ಎಂಬದು ಇದರಿಂದ ಸಿದ್ಧವಾಗುವದು.

ನಮ್ಮ ದೇಶದಲ್ಲಿ 1948ರ ಫಾರ್ಮಸಿ ಕಾಯಿದೆಯ ಪ್ರಕಾರ ನೋಂದಾಯಿತನಾದ ಔಷಧಿಕಾರನೇ ಚೀಟಿಯ ಔಷಧವನ್ನು ಕೊಡತಕ್ಕದ್ದು. 2015ರ ನಿಯಮಾವಳಿಯು ರೋಗಿಗೆ ತಿಳಿವಳಿಕೆ ಕೊಡುವದನ್ನೂ ಅವನ ಕರ್ತವ್ಯವೆಂದು ವಿಧಿಸಿರುವದು. 2008ರಿಂದ ಆರು ವರುಷಗಳ ಫಾರ್ಮ್.ಡಿ. ಎಂಬ ಉನ್ನತ ವ್ಯಾಸಂಗವೂ ಇರುವದು. ಈ ವಿದ್ಯೆಗೆ ನಮ್ಮ ಸಮಾಜದ ಸೇವೆಯು ಅಲ್ಪವಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕೆ.ಎಲ್.ಇ. ಸಂಸ್ಥೆಯೂ, ಸುತ್ತೂರು ಶ್ರೀಮಠದ ಕೃಪೆಯಿಂದ ಬೆಳೆದ ಮೈಸೂರಿನ ಜೆ.ಎಸ್.ಎಸ್. ಮಹಾವಿದ್ಯಾಪೀಠವೂ ಫಾರ್ಮಸಿ ಕಾಲೇಜುಗಳನ್ನು ನಡೆಸಿಕೊಂಡು ಬಂದಿರುವವು. ಮೈಸೂರಿನದು 1973ರಲ್ಲಿ ಸ್ಥಾಪಿತವಾಯಿತು. ಆದರೂ ಕೆಲವು ಅಂಗಡಿಗಳಲ್ಲಿ ಪ್ರಮಾಣಪತ್ರವು ಗೋಡೆಯ ಮೇಲಿದ್ದು, ಪತ್ರದೊಡೆಯನು ಬೇರೆಲ್ಲಿಯೋ ಇರುವನೆಂಬದನ್ನು ನೀವೆಲ್ಲರೂ ಬಲ್ಲಿರಿ. ವಿದ್ಯೆಯು ಗೋಡೆಗೆ ನೇತುಬಿದ್ದರೆ ರೋಗಿಗೆ ಏನು ಪ್ರಯೋಜನವು?

ಇಲ್ಲಿಯೇ ಕಾಯಕಕ್ಕೂ ವ್ಯಾಪಾರಕ್ಕೂ ಇರುವ ಅಂತರವು ಬರುವದು. ಒಂದು ಬಿಲ್ಲೆಗೆ ಕೆಲವು ಸಾವಿರ ರೂಪಾಯಿಗಳು; ಹದಿನೈದು ದಿನಗಳಲ್ಲಿ ಅದು ತೀರಿತು. ಮಾರಿದವನಿಗೆ ಲಾಭವಿದೆ. ಬರಿಯ ಪಥ್ಯದಿಂದಲೋ ಒಂದು ಮಾತ್ರೆಯಿಂದಲೋ ಹದದಲ್ಲಿರುವವನಿಗೆ ಅದನ್ನು ತಿಂಗಳು ತಿಂಗಳು ಮಾರುವದು ಸಲಹೆಯಲ್ಲ, ಸುಲಿಗೆಯು. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ, ರಾತ್ರಿ ಕುಸಿಯುವವರಿಗೆ, ಕುಸಿತದ ಲಕ್ಷಣಗಳೇ ತಿಳಿಯದಾದವರಿಗೆ, ವೈದ್ಯರು ಹೇಳಿದ ಗರ್ಭಿಣಿಯರಿಗೆ ಅದು ನಿಜವಾದ ಆಸರೆಯು. ಉಳಿದವರಿಗೆ ಮೂರು ನಾಲ್ಕು ತಿಂಗಳಿಗೊಮ್ಮೆ ಹದಿನಾಲ್ಕು ದಿನ ಕಟ್ಟಿ ಪಾಠ ಕಲಿತರೂ ಸಾಕು; ಅದೂ ಆಗದವರಿಗೆ ಬೆರಳುಪರೀಕ್ಷೆಯೇ ಸಾಕು. ‘ನಿಮಗೆ ಇದು ಬೇಡ, ಯಜಮಾನರೇ’ ಎಂದು ಹೇಳಿ ಲಾಭವನ್ನು ಬಿಡಬಲ್ಲವನೇ ಕಾಯಕಜೀವಿಯು. ಹನ್ನೆರಡನೆಯ ಶತಮಾನದ ಶರಣಗಣದಲ್ಲಿ ವೈದ್ಯ ಸಂಗಣ್ಣನೆಂಬ ವೈದ್ಯಕಾಯಕದ ಶರಣನಿದ್ದನು. ಮದ್ದಿನ ವೃತ್ತಿಯಲ್ಲಿದ್ದೂ ಶರಣತ್ವಕ್ಕೆ ಏರಬಹುದೆಂಬದಕ್ಕೆ ಆತನ ಹೆಸರೇ ಆಧಾರವು. ಇಂದಿನ ಔಷಧಿಕಾರನೂ ಆ ಸಾಲಿಗೆ ಸೇರಲು ಅಡ್ಡಿಯೇನಿಲ್ಲ.

ಕೊನೆಯದಾಗಿ ಭಕ್ತಬಂಧುಗಳಲ್ಲಿಯೂ ಶ್ರೀಮಠದಲ್ಲಿಯೂ ಕೆಲವು ವಿಜ್ಞಾಪನೆಗಳು. ಭಕ್ತರು ತಮ್ಮ ಎಲ್ಲ ಔಷಧಗಳಿಗೂ ಒಬ್ಬನೇ ಔಷಧಿಕಾರನನ್ನು ಇಟ್ಟುಕೊಳ್ಳಿರಿ. ಅಂಗಡಿಗೆ ಹೋದಾಗ ಚೀಟಿಯ ಜೊತೆಗೆ ಮಾಪಕದ ಅಂಕಿಗಳನ್ನೂ ತೋರಿಸಿರಿ. ನೋಂದಾಯಿತನಾದವನು ಯಾರೆಂದು ಕೇಳಿ ಅವನೊಡನೆಯೇ ಮಾತನಾಡಿರಿ. ಉತ್ತರ ಹೇಳಲು ಬೇಸರಪಡುವವನ ಅಂಗಡಿಯನ್ನು ಬಿಡಿರಿ. ಪೂಜೆಯ ಹೊತ್ತು, ವ್ರತದ ದಿನ, ನಾಟಿಯ ಗುಳಿಗೆ, ಯಾವುದನ್ನೂ ಅವನಿಂದ ಮುಚ್ಚಿಡಬೇಡಿರಿ. ಶ್ರೀಮಠದ ಜಾತ್ರೆಯಲ್ಲಿ ನಡೆಯುವ ಆರೋಗ್ಯಶಿಬಿರದಲ್ಲಿ ವೈದ್ಯರ ಪಕ್ಕದಲ್ಲಿ ಒಬ್ಬ ಔಷಧಿಕಾರನನ್ನೂ ಕೂಡಿಸಬೇಕೆಂದೂ, ಇನ್ಸುಲಿನ್ನನ್ನು ಅವಲಂಬಿಸಿದ ಬಡಮಕ್ಕಳಿಗೆ ಮಾಪಕವನ್ನು ಒದಗಿಸುವದನ್ನು ದಾಸೋಹದ ಒಂದು ಅಂಗವಾಗಿ ಎಣಿಸಬೇಕೆಂದೂ ಸನ್ನಿಧಿಯವರಲ್ಲಿ ವಿನಯದಿಂದ ಬೇಡಿಕೊಳ್ಳುವೆನು. ಹಸಿದವನಿಗೆ ಅನ್ನವು ಹೇಗೆ ದಾಸೋಹವೋ, ನಡುರಾತ್ರಿ ಸಕ್ಕರೆಯು ಕುಸಿಯುವ ಮಗುವಿನ ತಾಯಿಗೆ ಎಚ್ಚರಿಸುವ ಒಂದು ಗಂಟೆಯೂ ಹಾಗೆಯೇ ದಾಸೋಹವು.